ಎಡಗಿವಿ ಕೊಯ್ದ ವರ್ಷ

ಬೇವಿನೆಣ್ಣೆಗೆ ಅರಿಶಿನ ಕಲಸಿದ ವಾಸನೆ, ಅದರೊಳಗೆ ಸ್ವಲ್ಪ ಹಸಿ ನೆತ್ತರಿನದು. ಇವತ್ತು ಬೆಳಿಗ್ಗೆ ಅಂಗಳದಿಂದ ಆ ವಾಸನೆ ಬಂದಾಗ ನಾನು ಮಂಚದ ಮೇಲೆ ಮಲಗಿ ಗೋಡೆ ನೋಡುತ್ತಿದ್ದೆ. ಗೋಡೆಗೆ ಮೊಮ್ಮಗಳು ಒಂದು ಹಾಳೆ ಅಂಟಿಸಿದ್ದಾಳೆ. ಮೇಲೆ ಹಳದಿ ಸೂರ್ಯ, ಅದಕ್ಕೊಂದು ನಗುವ ಬಾಯಿ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದಾಳೆ: ಸದಾ ನಗುತ್ತಿರಿ, ಸಿಟ್ಟು ಬಿಡಿ, ಒಳ್ಳೆಯದನ್ನೇ ಯೋಚಿಸಿ.

ಎರಡು ತಿಂಗಳ ಹಿಂದೆ ನನಗೆ ಎದೆ ಹಿಡಿಯಿತು. ಕಲಬುರಗಿಗೆ ಒಯ್ದು, ತೊಡೆಯಲ್ಲಿ ತೂತು ಮಾಡಿ, ಎದೆಯೊಳಗೆ ಸ್ಪ್ರಿಂಗು ಕೂರಿಸಿ ಕಳಿಸಿದ್ದಾರೆ. ದಿನಾ ಸ್ವಲ್ಪ ಸ್ವಲ್ಪ ನಡೆಯಬೇಕು ಎಂದು ಅಲ್ಲಿಯ ಡಾಕ್ಟರು ಹೇಳಿದ್ದು ನಮ್ಮ ಮನೆಯಲ್ಲಿ ಒಬ್ಬರಿಗೂ ನೆನಪಿಲ್ಲ. ಸಿಟ್ಟಾಗಬಾರದು ಎಂದದ್ದು ಮಾತ್ರ ಎಲ್ಲರಿಗೂ ಬಾಯಿಪಾಠ.

“ಆಯಿ, ಪಾಸಿಟಿವ್ ಇರು,” ಅನ್ನುತ್ತಾಳೆ ಹುಡುಗಿ.

“ಹಂಗಂದ್ರ?”

“ಎಲ್ಲಾ ಛಲೋ ಆಗ್ತದ ಅಂತ ಅನ್ಕೊಂಡು ಸುಮ್ಮ ಮಕ್ಕೊಳ್ಳೋದು.”

ಸುಮ್ಮನೆ ಮಲಗಿ ಛಲೋ ಆದವರನ್ನು ನಾನು ಕಂಡಿಲ್ಲ. ಸುಮ್ಮನೆ ಮಲಗಿ ಸಾಯಲು ಹೊರಟವನನ್ನು ಕಂಡಿದ್ದೇನೆ. ಅವನನ್ನು ಎಬ್ಬಿಸಿದ್ದು ನಗು ಅಲ್ಲ. ಹೊರಗೆ ನನ್ನ ಮಗ ಕುರಿಮರಿಗಳ ಕಿವಿಗೆ ಗುರುತು ಕೊಯ್ಯುತ್ತಿದ್ದ. ಗಾಯಕ್ಕೆ ಹಚ್ಚುವ ಆ ಎಣ್ಣೆಯ ವಾಸನೆಗೆ ನನಗೆ ಆ ವರ್ಷ ಪೂರ್ತಿ ನೆನಪಾಯಿತು. ಸಿಟ್ಟೂ ಬಂತು. ಬರಲಿ.

ನಮ್ಮ ಸೀಮೆ ಹೈದರಾಬಾದ್ ಬಿಟ್ಟು ಮೈಸೂರಿಗೆ ಕೂಡಿದ ವರ್ಷ ಅದು. ನಿಜಾಮರ ಆಳ್ವಿಕೆ ಹೋಗಿ ಕೆಲವು ವರ್ಷ ಆಗಿದ್ದರೂ ಕಚೇರಿಯ ಕಾಗದ, ಸಾಹೇಬರ ಮಾತು ಎಲ್ಲ ಉರ್ದುವಿನಲ್ಲೇ ಇದ್ದವು. ನಮಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. ವನದುರ್ಗದ ಕೋಟೆಯ ಬುಡದಲ್ಲಿ ನಮ್ಮ ಹಟ್ಟಿ. ಕುರಿ ಕಾಯುವವರ ಹತ್ತು ಮನೆ. ನನಗೆ ಇಪ್ಪತ್ತೈದು, ಬಗಲಲ್ಲಿ ಒಂದು ಕೂಸು. ಗಂಡ ನನಗಿಂತ ಹದಿನೈದು ವರ್ಷ ದೊಡ್ಡವ. ಆಗ ಗಂಡನ ಹೆಸರು ಹೇಳಬಾರದಿತ್ತು. ಈಗ ಹೇಳಿದರೆ ಯಾರು ಬಂದು ಕೇಳುತ್ತಾರೆ? ನಿಂಗಪ್ಪ.

ಮಳೆಗಾಲ ಮುಗಿಯುತ್ತ ಬಂದಿತ್ತು. ಕುರಿಗಳನ್ನು ಹಳ್ಳದಲ್ಲಿ ತೊಳೆದು, ಒಣಗಿಸಿ, ಉಣ್ಣೆ ಕತ್ತರಿಸುವ ಕಾಲ. ನಿಂಗಪ್ಪ ಒಂದು ಕರಿ ಕುರಿಯನ್ನು ಕಾಲು ಕಟ್ಟಿ ಕೆಡವಿ, ಒಂದು ಮಗ್ಗುಲು ಮುಗಿಸಿ, ಇನ್ನೇನು ಅದನ್ನು ಹೊರಳಿಸಬೇಕು, ಕತ್ತರಿ ಕೆಳಗಿಟ್ಟ. ಎದೆ ಹಿಡಿದುಕೊಂಡು ಕೂತ. ಬಿಸಿಲೇ ಇಲ್ಲ, ಆದರೂ ಮೈಯೆಲ್ಲ ಬೆವರು. ಕುರಿ ಕಾಲು ಬಿಡಿಸಿಕೊಂಡು ಓಡಿತು. ಒಂದು ಮಗ್ಗುಲು ಬೋಳು, ಒಂದು ಮಗ್ಗುಲು ಉಣ್ಣೆ. ಅದು ಹಾಗೆಯೇ ಹಟ್ಟಿಯ ತುಂಬ ತಿರುಗಿತು. ಮುಂದೆ ಎಷ್ಟೋ ದಿನ ಅದು ಹಾಗೆಯೇ ಇತ್ತು. ಅದರ ಇನ್ನೊಂದು ಮಗ್ಗುಲು ಕತ್ತರಿಸಲು ಒಬ್ಬ ಗಂಡಸಿಗೂ ಪುರಸೊತ್ತು ಸಿಗಲಿಲ್ಲ.

“ವಾಯು ಹಿಡದದ,” ಎಂದ ನನ್ನ ಭಾವ ಮಾಳಪ್ಪ. ನಿಂಗಪ್ಪನ ಅಣ್ಣ, ಹಟ್ಟಿಯಲ್ಲಿ ಅವನದೇ ಮಾತು. ಕುರಿಗೆ ಹೊಟ್ಟೆ ಉಬ್ಬಿದರೆ ನಮ್ಮಲ್ಲಿ ಕಬ್ಬಿಣ ಕಾಸಿ ಬರೆ ಹಾಕುತ್ತಿದ್ದರು. ಮನುಷ್ಯನಿಗೆ ಎದೆ ನೊಂದರೂ ಅದೇ ಕಬ್ಬಿಣ. ಕಾಸಿ ತಂದ. ನಾನು ಅಡ್ಡ ಹೋದೆ. “ಸರಿ ತಂಗಿ, ಹೆಣ್ಣಮಕ್ಕಳಿಗೇನು ತಿಳೀತದ,” ಎಂದು ನನ್ನನ್ನು ಬದಿಗೆ ತಳ್ಳಿ, ತಮ್ಮನ ಎದೆಗೆ ಎರಡು ಬರೆ ಎಳೆದ. ನೋವಿನ ಮೇಲೆ ನೋವು. ಆ ದಿನ, ಆ ರಾತ್ರಿ ಹಾಗೇ ಹೋಯಿತು. ಮರುದಿನ ಮಧ್ಯಾಹ್ನ ನಾನೇ ಗಾಡಿ ಹೂಡಿಸಿ, ಹುಲ್ಲು ಹಾಸಿ, ಅವನನ್ನು ಮಲಗಿಸಿಕೊಂಡು ಪಟ್ಟಣದ ದವಾಖಾನೆಗೆ ಹೋದೆ. ಭಾವನನ್ನು ಕೇಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ. ಭಾವ ಸತ್ತು ಮೂವತ್ತು ವರ್ಷ ಆಯಿತು. ಆದರೂ ಇದೆ.

ಅಲ್ಲಿದ್ದ ಡಾಕ್ಟರ ಸಾಹೇಬ ಹೈದರಾಬಾದಿನವ, ಒಳ್ಳೆಯ ಮನುಷ್ಯ. ಬರೆ ನೋಡಿ ತನ್ನ ಹಣೆಗೇ ಬಡಿದುಕೊಂಡ. ಅವನ ಮಾತನ್ನು ಕಂಪೌಂಡರ್ ನಮಗೆ ಕನ್ನಡದಲ್ಲಿ ಹೇಳಿದ. “ವಾಯು ಅಲ್ಲ. ಹೃದಯಕ್ಕ ಪೆಟ್ಟು ಬಿದ್ದದ ಅಂತಾರ. ಆರು ವಾರ ಅಂಗಾತ ಮಕ್ಕೋಬೇಕು. ಏಳಂಗಿಲ್ಲ, ಕೂಡಂಗಿಲ್ಲ, ನೀರಿನ ತಂಬಿಗಿ ಸುದ್ದಾ ಎತ್ತಂಗಿಲ್ಲ. ಆರು ವಾರ ಆದ ಮ್ಯಾಲ ಕರ್ಕೊಂಡು ಬರ್ರಿ, ನೋಡಿ ಹೇಳ್ತಾರ, ಯಾವಾಗ ಏಳಬೇಕು, ಎಷ್ಟು ನಡೀಬೇಕು.” ಆ ಕಾಲಕ್ಕೆ ಅದಕ್ಕೆ ಅದೇ ಔಷಧ. ಹೊರಡುವಾಗ ಸಾಹೇಬ ನನ್ನ ಕಡೆ ತಿರುಗಿ, “ಖುಷ್ ರಖೋ,” ಎಂದ. ಖುಷಿಯಲ್ಲಿಡಿ ಎಂದು. ಹೂಂ ಅಂದೆ.

ಹಟ್ಟಿಯವರು ಖುಷಿಯಲ್ಲಿಡಲು ಬಿಟ್ಟರೆ ತಾನೆ?

ನಮ್ಮ ಕಡೆ ಒಬ್ಬರು ಮಲಗಿದರೆ ಬಂಧು ಬಳಗವೆಲ್ಲ ಮಾತನಾಡಿಸಲು ಬರಬೇಕು. ಬರದಿದ್ದರೆ ತಪ್ಪು. ಬಂದು ಅಳದಿದ್ದರೆ ಇನ್ನೂ ದೊಡ್ಡ ತಪ್ಪು. ಒಬ್ಬ ಮುದುಕ ಬಂದು ಮಂಚದ ಕಾಲ ಬಳಿ ಕೂತು, ಎಲೆ ಅಡಿಕೆ ಹಾಕಿಕೊಂಡು ಶುರು ಮಾಡಿದ.

“ನಮ್ಮ ಸೋದರಮಾವಗೂ ಬರೋಬ್ಬರಿ ಹಿಂಗ ಆಗಿತ್ತು.”

“ಈಗ ಹ್ಯಾಂಗ ಇದ್ದಾರ್ರಿ?” ನಿಂಗಪ್ಪ ತಲೆ ಎತ್ತಿ ಆಸೆಯಿಂದ ಕೇಳಿದ.

“ಅಮಾಸಿ ದಾಟಲಿಲ್ಲ ನೋಡಪಾ.”

ಹೀಗೆ ದಿನಾ ಒಬ್ಬೊಬ್ಬರು. ಒಬ್ಬರಿಗೆ ಚಿಕ್ಕಪ್ಪ, ಒಬ್ಬರಿಗೆ ಬೀಗ. ಎದೆನೋವಿನಿಂದ ಸತ್ತವರನ್ನೆಲ್ಲ ನನ್ನ ಮನೆಗೆ ತಂದು ಕೂರಿಸಿ ಹೋಗುತ್ತಿದ್ದರು. ಸುರಪುರಕ್ಕೆ ಕೊಟ್ಟಿದ್ದ ನನ್ನ ನಾದಿನಿ ದ್ಯಾವಮ್ಮ ಬಂದಳಲ್ಲ, ಅವಳದಂತೂ ಕೇಳಬೇಡಿ. ಹಟ್ಟಿಯ ಬಾಯಿಗೆ ಬರುವಾಗಲೇ ಸೆರಗು ಬಾಯಿಗೆ ಹಿಡಿದು ರಾಗ ತೆಗೆದಳು.

“ಯಣ್ಣಾ, ನನ್ನ ಬಿಟ್ಟು ಹ್ಯಾಂಗ ಹೊಂಟ್ಯೋ ಯಣ್ಣಾ...”

“ಎಲ್ಲಿ ಹೊಂಟಾನ?” ಎಂದೆ ಬಾಗಿಲಲ್ಲಿ ನಿಂತು. “ಒಳಗ ಅಂಬಲಿ ಕುಡ್ಯಾಕತ್ತಾನ. ಕಣ್ಣೀರ ಒರಸ್ಕೊಂಡು ಬಾ, ಇಲ್ಲಾ ಬಂದ ದಾರಿ ಹಿಡಿ.”

“ನಿನ್ನ ಎದಿ ಏನ ಕಲ್ಲೇನ ಮಲ್ಲವ್ವಾ? ಗಂಡ ಸಾಯಾಕ ಬಿದ್ದಾನ, ಒಂದು ಹನಿ ನೀರಿಲ್ಲ ಕಣ್ಣಾಗ!”

“ನೀ ಅತ್ತಿಯಲ್ಲ, ಇಬ್ಬರಿಗೂ ಸಾಕಾತು.”

ಅವಳು ಮೂರು ದಿನ ಇದ್ದು ಮೂರು ದಿನವೂ ಅತ್ತಳು. ಅವಳು ಹೋದ ಮೇಲೆ ನೋಡುತ್ತೇನೆ, ನಿಂಗಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾನೆ. ಗುಡ್ಡ ಹತ್ತಿ ತೋಳ ಓಡಿಸಿದ ಮನುಷ್ಯ. ಈಗ ಎಡಗೈ ನಾಡಿಯನ್ನು ಬಲಗೈಯಲ್ಲಿ ಹಿಡಿದುಕೊಂಡು, ಬಡಿಯುತ್ತಿದೆಯೋ ಇಲ್ಲವೋ ಎಂದು ಕಾಯುತ್ತ ಮಲಗಿರುತ್ತಿದ್ದ. ತೇಗು ಬಂದರೆ ಬೆವರುತ್ತಿದ್ದ. ಕೂಸು ಹತ್ತಿರ ಬಂದರೆ, “ಒಯ್ಯಿ ಅದನ್ನ,” ಅನ್ನುತ್ತಿದ್ದ. ಅವತ್ತು ನಾನು ಕುರಿದೊಡ್ಡಿಗೆ ಹಾಕುವ ಜಾಲಿಮುಳ್ಳಿನ ಅಡ್ಡವನ್ನು ಎಳೆದು ತಂದು ಮನೆ ಬಾಗಿಲಿಗೆ ಹಚ್ಚಿದೆ. ಇನ್ನು ಒಬ್ಬರೂ ಒಳಗೆ ಬರಕೂಡದು. ಮಲ್ಲವ್ವ ಗಂಡನನ್ನು ಕುರಿ ಮಾಡಿ ದೊಡ್ಡಿಯಲ್ಲಿ ಹಾಕಿದ್ದಾಳೆ ಎಂದು ಹಟ್ಟಿ ಆಡಿಕೊಂಡಿತು. ಆಡಿಕೊಳ್ಳಲಿ ಎಂದು ಬಿಟ್ಟೆ. ಕಡೆಗೆ ಆರು ವಾರ ಮುಗಿಯಿತು.

ಮತ್ತೆ ಗಾಡಿ ಹೂಡಿಸಿ ಹೊರಟೆ. ಎರಡೂ ಬದಿ ಜೋಳ ಮೊಣಕಾಲೆತ್ತರ, ಗಾಳಿಯಲ್ಲಿ ಚಳಿ ಶುರು. ನಿಂಗಪ್ಪ ಹುಲ್ಲಿನ ಮೇಲೆ ಮಲಗಿ ಆಕಾಶ ನೋಡುತ್ತ, “ಇವತ್ತ ಸಾಹೇಬ ಏಳು ಅಂತಾನೇನ?” ಎಂದು ಎರಡು ಸಲ ಕೇಳಿದ. ಅವನಿಗೂ ಆಸೆ ಇತ್ತು. ಅದನ್ನು ನಾನು ಮರೆತಿಲ್ಲ.

ಪಟ್ಟಣದ ತುಂಬ ಮಾವಿನೆಲೆ ತೋರಣ. ಸಾಲೆಯ ಮಕ್ಕಳು ಬಾವುಟ ಹಿಡಿದು ಸಾಲಾಗಿ ಹೋಗುತ್ತಿದ್ದವು. ಯಾರೋ ಗಾಡಿಯೊಳಕ್ಕೆ ಕೈ ಚಾಚಿ ನಮ್ಮಿಬ್ಬರಿಗೂ ಸಕ್ಕರೆ ಕೊಟ್ಟರು. ನಾಡು ಒಂದಾಯಿತು, ಕನ್ನಡದವರೆಲ್ಲ ಒಂದೇ ಮನೆಯವರಾದರು ಎಂದು ಕೂಗುತ್ತಿದ್ದರು. ನಾನು ಸಕ್ಕರೆ ಹಿಡಿದುಕೊಂಡೇ ದವಾಖಾನೆಯ ಮೆಟ್ಟಿಲು ಹತ್ತಿದೆ. ಡಾಕ್ಟರನ ಕೋಣೆಗೆ ಬೀಗ.

“ಸಾಹೇಬ್ರು ಹೋದ್ರಲ್ಲ ತಾಯಿ,” ಎಂದ ಕಂಪೌಂಡರ್. “ರಾಜ್ಯ ಹಂಚಿಕಿ ಆತು. ಅವರ ಹೆಸರು ಆ ಕಡಿ ಪಟ್ಟಿಯಾಗ ಬಂತು. ಹೈದರಾಬಾದಿಗೆ ಹೋದ್ರು.”

“ಹೊಸಬ್ರು?”

“ಮೈಸೂರ ಕಡಿಯಿಂದ ಬರ್ತಾರಂತ.”

“ಯಾವಾಗ?”

“ಹುಕುಂ ಬರಬೇಕು.”

“ಅಲ್ರೀ, ಆರು ವಾರ ಮಕ್ಕೋ ಅಂದಿದ್ರು. ಮಕ್ಕೊಂಡ. ಈಗ ಏಳಬಹುದಾ, ಅಷ್ಟ ಹೇಳ್ರಿ.”

ಅವನು ಹಿಂದೆ ಮುಂದೆ ನೋಡಿದ. “ನಾ ಹ್ಯಾಂಗ ಹೇಳ್ಲಿ? ನಾ ಏಳು ಅಂದು, ಎದ್ದಾಗ ಏನರ ಆದ್ರ?”

ತಪ್ಪು ಅವನದಲ್ಲ, ನನಗೆ ಗೊತ್ತು. ಆದರೂ ಅವನ ಮುಖಕ್ಕೆ ಆ ಸಕ್ಕರೆ ಎಸೆಯಬೇಕು ಅನಿಸಿತು. ಮಲಗು ಎಂದವನು ಒಂದು ರಾಜ್ಯದಲ್ಲಿ ಉಳಿದ, ಮಲಗಿದವನು ಇನ್ನೊಂದು ರಾಜ್ಯದಲ್ಲಿ. ಎದ್ದೇಳು ಅನ್ನುವವರು ಎರಡರಲ್ಲೂ ಇಲ್ಲ. ಗಾಡಿಗೆ ವಾಪಸು ಬಂದು ಹೇಳಿದೆ. ನಿಂಗಪ್ಪ ಮಗ್ಗುಲಾದ. ದಾರಿಯುದ್ದಕ್ಕೂ ಗಾಡಿಯ ಹಲಗೆ ನೋಡುತ್ತ ಬಂದ.

ಮನೆಗೆ ಬಂದು ಮಲಗಿದವನು ಮಲಗಿಯೇ ಬಿಟ್ಟ. ನಾನು ಹೇಳಿದೆ, ಹೊಸಿಲತನಕ ಬಾ, ಕೂತು ನೋಡು. “ಸಾಹೇಬ ಹೇಳಿಲ್ಲ,” ಅನ್ನುತ್ತಿದ್ದ. ಮೊದಲು ಔಷಧವಾಗಿದ್ದದ್ದು ಈಗ ನೆಪ. ಕಾಲು ತೊಗರಿಕಟ್ಟಿಗೆಯ ಹಾಗಾದವು. ಅಷ್ಟರಲ್ಲಿ ಕುರಿ ಈದವು. ಆ ವರ್ಷ ಮರಿ ಚೆನ್ನಾಗಿ ಬಿದ್ದಿದ್ದವು. ನಾನೇ ಈಯಿಸಿದೆ, ನಾನೇ ಮೊಲೆಗೆ ಹಚ್ಚಿದೆ. ಕೂಸು ಒಂದು ಬಗಲಲ್ಲಿ, ಮರಿ ಒಂದು ಬಗಲಲ್ಲಿ.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ಹಟ್ಟಿಯ ಕುರಿಗಳೆಲ್ಲ ಕೂಡಿ ಮೇಯುತ್ತವೆ. ಯಾರದು ಯಾವುದು ಎಂದು ತಿಳಿಯಲು ಮರಿ ಇರುವಾಗಲೇ ಕಿವಿಗೆ ಗುರುತು ಕೊಯ್ಯಬೇಕು. ನಮ್ಮದು ಬಲಗಿವಿಯ ತುದಿ ಸೀಳುವುದು. ಭಾವನದು ಬಲಗಿವಿಯ ಅಂಚಿನಲ್ಲಿ ಒಂದು ಕಚ್ಚು. ಮನೆಯ ಯಜಮಾನ ಅಂಗಳದಲ್ಲಿ ಕಂಬಳಿ ಹಾಸಿ ಕೂತು ತನ್ನ ಕೈಯಾರೆ ಕೊಯ್ಯಬೇಕು. ಅವನು ಇಲ್ಲದಿದ್ದರೆ ಅಣ್ಣತಮ್ಮಂದಿರು ಕೊಯ್ಯುತ್ತಾರೆ, ಆದರೆ ಅವರವರ ಗುರುತು. ಹೆಂಗಸರು ಆ ಚೂರಿ ಮುಟ್ಟುವ ಹಾಗಿಲ್ಲ. ಗಂಡ ಸತ್ತವಳ ಕುರಿ ಎರಡು ಮೂರು ಸಲ ಈಯುವಷ್ಟರಲ್ಲಿ ಮೈದುನ ಭಾವಂದಿರ ಕುರಿ ಆಗುವುದು ಹೀಗೆ. ಜಗಳ ಇಲ್ಲ, ಪಂಚಾಯಿತಿ ಇಲ್ಲ. ಬರೀ ಕಿವಿ.

ಒಂದು ದಿನ ಭಾವ ಬಂದು ಮುಳ್ಳಿನ ಅಡ್ಡದ ಆಚೆ ನಿಂತ.

“ಮರಿ ಕಿವಿ ಗಟ್ಟಿ ಆಗಾಕತ್ತಾವ ತಂಗಿ. ಮುಂದಿನ ವಾರ ಕುರಿ ಹೊಳಿ ಕಡಿ ಹೊಡೀಬೇಕು. ನಾಳಿ ಬಂದು ಕೊಯ್ತೀನಿ.”

“ಯಾವ ಗುರುತು?”

“ನನ್ನ ಕೈಗೆ ನನ್ನದ ಬರ್ತದ. ಮರಿ ನಿನ್ನವ ಇರ್ತಾವ, ಯಾರು ತಿಂತಾರ? ಗುರುತು ಅಷ್ಟ ನಂದು.”

ಒಳಗೆ ಹೋಗಿ ನಿಂಗಪ್ಪನಿಗೆ ಹೇಳಿದೆ. ಅವನಿಗೆ ಎಲ್ಲ ಕೇಳಿಸಿತ್ತು. ಗೋಡೆ ಕಡೆಯಿಂದ ತಿರುಗಲೂ ಇಲ್ಲ.

“ಕೊಯ್ಲಿ ಬಿಡು,” ಎಂದ.

ಬರೆ ಹಾಕಿದಾಗ ಸಿಟ್ಟು ಬಂದಿತ್ತು, ದವಾಖಾನೆಯ ಬೀಗ ಕಂಡಾಗ ಬಂದಿತ್ತು. ಇದು ಬೇರೆ. “ನಿನಗ ರೋಗ ಹೋಗಿ ತಿಂಗಳಾತು,” ಎಂದೆ. “ನೀ ಈಗ ಸಾಯೋದನ್ನ ರೂಢಿ ಮಾಡ್ಕೊಳಾಕತ್ತಿ. ಮಾಡ್ಕೋ. ನಾ ಮಾತ್ರ ನಿನ್ನ ಜೋಡಿ ನನ್ನ ಮರಿ ಹುಗಿಯಾಂಗಿಲ್ಲ.”

ಮರುದಿನ ಹೊತ್ತು ಹುಟ್ಟುತ್ತಲೇ ಬಾಗಿಲಿನ ಮುಳ್ಳು ಎಳೆದು ಬಿಸಾಕಿದೆ. ಅವನ ಮಂಚಕ್ಕೆ ಕಾಣುವ ಹಾಗೆ ಅಂಗಳದ ನಡುವೆ ಕಂಬಳಿ ಹಾಸಿದೆ. ಜಂತಿಯಲ್ಲಿ ಸಿಕ್ಕಿಸಿದ್ದ ಚೂರಿ ತೆಗೆದೆ. ಕೂತು ಮೊದಲನೇ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಗಂಡಸರು ಕೊಯ್ಯುವುದನ್ನು ದೂರದಿಂದ ನೋಡಿದ್ದೆನೇ ಹೊರತು ಹತ್ತಿರ ಹೋಗಿರಲಿಲ್ಲ. ಅವರು ಮರಿಯ ಬೆನ್ನು ತಮ್ಮ ಎದೆಗೆ ಒತ್ತಿ ಹಿಡಿಯುತ್ತಾರೆ. ನಾನು ಕೂಸನ್ನು ಕೂರಿಸಿಕೊಂಡ ಹಾಗೆ ಮುಖಕ್ಕೆ ಮುಖ ಹಿಡಿದೆ. ಬಲಗೈ ಕಡೆಗೆ ಬಂದ ಕಿವಿಯ ತುದಿ ಸೀಳಿದೆ. ಮರಿ ಕಿರುಚಿತು. ಎಣ್ಣೆ ಹಚ್ಚಿದೆ.

ಒಳಗಿನಿಂದ ಒಂದು ದನಿ ಬಂತು.

“ಏ ಹುಚ್ಚೀ! ಅದು ಎಡಗಿವಿ!”

ನಾನು ನೋಡಿಕೊಂಡೆ. ಹೌದು, ಎಡಗಿವಿ. ಎದುರಿಗೆ ಹಿಡಿದರೆ ಮರಿಯ ಎಡ ನನ್ನ ಬಲಕ್ಕೆ ಬರುತ್ತದೆ. ನಮ್ಮ ಹಟ್ಟಿಯಲ್ಲಿ ಎಡಗಿವಿ ಕೊಯ್ದವರು ಯಾರೂ ಇರಲಿಲ್ಲ. ಆದರೆ ನನಗೆ ಆ ಹೊತ್ತಿನಲ್ಲಿ ಕಿವಿಗಿಂತ ಆ ದನಿ ದೊಡ್ಡದಾಯಿತು. ಎರಡೂವರೆ ತಿಂಗಳು ಅವನು ಮೂಗಿನಲ್ಲಿ ಮಾತಾಡಿದ್ದ. ಇದು ಗುಡ್ಡದ ಮೇಲಿಂದ ನಾಯಿಗಳನ್ನು ಬೈಯುವ ದನಿ.

ಎರಡನೇ ಮರಿ ಹಿಡಿದೆ. ಮೊದಲನೆಯದು ತಪ್ಪಿ ಆದದ್ದು. ಇದನ್ನು ಬೇಕಂತಲೇ ಎಡಗಿವಿ ಸೀಳಿದೆ.

“ಮತ್ತ ಅದ ಕಿವಿ! ಕಣ್ಣು ಕಾಣಂಗಿಲ್ಲೇನ ನಿನಗ? ಇಡು ಚೂರಿ ಕೆಳಗ!”

“ಬಂದು ಕಸ್ಕೋ,” ಎಂದೆ. ಮೂರನೇ ಮರಿಗೆ ಕೈ ಹಾಕಿದೆ.

ಮಂಚ ಕಿರ್ರೆಂದಿತು. ನಾನು ತಿರುಗಿ ನೋಡಲಿಲ್ಲ. ತಿರುಗಿ ನೋಡಿದರೆ ಓಡಿ ಹೋಗಿ ಹಿಡಿದುಕೊಳ್ಳುತ್ತೇನೆ ಎಂದು ಗೊತ್ತಿತ್ತು. ಬಿದ್ದರೆ ಏನು ಮಾಡಬೇಕು ಎಂದೂ ಯೋಚಿಸಿರಲಿಲ್ಲ. ಗೋಡೆ ಹಿಡಿದ ಸದ್ದು, ಬಾಗಿಲ ಚೌಕಟ್ಟು ಹಿಡಿದ ಸದ್ದು, ಆಮೇಲೆ ಏನೂ ಹಿಡಿಯದ ಹೆಜ್ಜೆ. ಎಣಿಸಿದೆ. ಹನ್ನೊಂದು. ಕಂಬಳಿಯ ಮೇಲೆ ಧೊಪ್ಪನೆ ಕೂತು, ಉಸಿರು ಬಿಡುತ್ತ, ಚೂರಿ ಕಿತ್ತುಕೊಂಡ.

“ನಿಮ್ಮಪ್ಪನ ಮನ್ಯಾಗ ಹಿಂಗ ಕೊಯ್ತಿದ್ರೇನ?”

“ನಮ್ಮಪ್ಪನ ಮನ್ಯಾಗ ಗಂಡಸರು ಎದ್ದು ಕೊಯ್ತಿದ್ರು.”

ಅವನು ಮೂರನೇ ಮರಿಯನ್ನು ಸರಿಯಾಗಿ, ಬೆನ್ನು ಎದೆಗೊತ್ತಿ ಹಿಡಿದ. ಬಲಗಿವಿಗೆ ಚೂರಿ ಇಟ್ಟು ನಿಂತ. ಗಾಯದ ಕಿವಿ ಬಡಿಯುತ್ತ ನಿಂತಿದ್ದ ಮೊದಲ ಎರಡನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. “ಒಂದ ಮನ್ಯಾಗ ಎರಡು ಗುರುತು ಇಟ್ರ ಕಳವಿನ ಕುರಿ ಅಂತಾರ,” ಎಂದು ಗೊಣಗಿದ. ಚೂರಿಯನ್ನು ಎಡಗಿವಿಗೆ ತಂದು ಸೀಳಿದ.

ಐದನೆಯದಕ್ಕೆ ಅವನ ಕೈ ಸೋತಿತು. ಉಳಿದವನ್ನು ಅವನು ಹಿಡಿದ, ನಾನು ಕೊಯ್ದೆ. ಅಷ್ಟರಲ್ಲಿ ಭಾವ ತನ್ನ ಚೂರಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದ. ಅಂಗಳದಲ್ಲಿ ಕೂತ ತಮ್ಮನನ್ನು ನೋಡಿದ, ನನ್ನ ಕೈಯಲ್ಲಿದ್ದ ಚೂರಿ ನೋಡಿದ, ಮರಿಗಳ ಕಿವಿ ನೋಡಿದ.

“ಎಡಗಿವಿ ಯಾಕೋ?”

“ನನ್ನ ಮರಿ, ನನ್ನ ಮರ್ಜಿ,” ಎಂದ ನಿಂಗಪ್ಪ. “ಅದಿರ್ಲಿ, ಆ ಅರ್ಧ ಬೋಳು ಕುರಿ ನನ್ನದಲ್ಲೇನು? ಥಂಡ್ಯಾಗ ಹಿಂಗ ಬಿಟ್ಟೀರಲ್ಲ, ಒಬ್ಬರ ಮನಿಯಾಗೂ ಕತ್ತರಿ ಇರಲಿಲ್ಲೇನು?”

ಭಾವ ಬಂದ ಹಾಗೇ ಹೋದ.

ಅವತ್ತಿನಿಂದ ನಿಂಗಪ್ಪ ಗುಣವಾದ ಎಂದು ಹೇಳಿದರೆ ಸುಳ್ಳಾಗುತ್ತದೆ. ಮರುದಿನ ಮೈಯೆಲ್ಲ ನೋವು ಎಂದು ಮತ್ತೆ ಮಲಗಿದ. ನಾನು ಮತ್ತೆ ಬೈದೆ. ಬೇವಿನ ಮರದತನಕ ನಡೆದ, ಒಂದು ವಾರಕ್ಕೆ ಬಾವಿಯತನಕ, ಸಂಕ್ರಾಂತಿ ಹೊತ್ತಿಗೆ ಕೋಟೆಯ ಮೊದಲ ಕಲ್ಲಿನತನಕ. ಪ್ರತಿ ಸಲ ಒಂದು ಕೈ ಎದೆಯ ಮೇಲೆ. ಭಯ ಹೋಗಲಿಲ್ಲ, ಭಯವನ್ನೂ ಜೊತೆಗೆ ನಡೆಸಿಕೊಂಡು ಹೋದ ಅಷ್ಟೆ. ಗುಡ್ಡ ಹತ್ತುವುದು ಮಾತ್ರ ಮುಗಿದೇ ಹೋಯಿತು. ಅದಕ್ಕೆ ಅವನು ಒಮ್ಮೆ ಅತ್ತ. ನಾನು ಕಂಡರೂ ಕಾಣದ ಹಾಗೆ ಇದ್ದೆ.

ಹೊಸ ಡಾಕ್ಟರು ಚಳಿಗಾಲ ಕಳೆಯುವಾಗ ಬಂದರು. ಕನ್ನಡದವರೇ, ಆದರೆ ಅವರ ಕನ್ನಡ ಓದಿದ ಹಾಗಿತ್ತು. “ಆರು ವಾರದ ನಂತರ ನಿಧಾನವಾಗಿ ನಡೆಯಲು ಶುರು ಮಾಡಬೇಕಿತ್ತಮ್ಮ, ಅಷ್ಟು ದಿನ ಯಾಕೆ ಮಲಗಿಸಿದ್ದಿರಿ?” ಎಂದರು. ನನಗೆ ಏನು ಅನಿಸಿರಬೇಕು, ನೀವೇ ಯೋಚಿಸಿ. “ಹುಕುಂ ಬಂದಿರಲಿಲ್ರೀ,” ಎಂದೆ. ಅವರಿಗೆ ತಿಳಿಯಲಿಲ್ಲ. ನಾವು ಹೊರಡುವಾಗ ಮನಸ್ಸನ್ನು ಉಲ್ಲಾಸವಾಗಿ ಇಟ್ಟುಕೊಳ್ಳಿ ಎಂದರು. ಗಾಡಿಯಲ್ಲಿ ಗಂಡನನ್ನು ಕೇಳಿದೆ, “ಉಲ್ಲಾಸ ಅಂದ್ರೇನು?”

“ನೀ ಬಾಯಿ ಮುಚ್ಕೊಂಡು ಕುಂತ್ರ ಹ್ಯಾಂಗಿರ್ತದೋ, ಅದ ಇರಬೇಕು.”

ಆ ವರ್ಷ ಅವನು ನಕ್ಕದ್ದನ್ನು ನಾನು ಕಂಡದ್ದು ಆಗ ಒಂದೇ ಸಲ. ಆಮೇಲೆ ಹದಿನಾರು ವರ್ಷ ಬದುಕಿದ. ಸತ್ತದ್ದು ಎದೆಯಿಂದ ಅಲ್ಲ, ಜ್ವರದಿಂದ. ನಮ್ಮ ಕುರಿಯ ಗುರುತು ಅಂದಿನಿಂದ ಎಡಗಿವಿ. ಅವನು ಸತ್ತ ಮೇಲೆ ಅದನ್ನು ಬಲಕ್ಕೆ ತರಲು ಭಾವ ಬರಲಿಲ್ಲ. ಚೂರಿ ಯಾರ ಕೈಯಲ್ಲಿದೆ ಎಂದು ಅವನಿಗೆ ಗೊತ್ತಿತ್ತು.

ಇವತ್ತು ಬೆಳಿಗ್ಗೆ ಮಗ ಕೊಯ್ಯುವುದನ್ನು ಮಂಚದಿಂದ ನೋಡುತ್ತಿದ್ದೆ. ಕಿವಿಯನ್ನು ಬುಡದತನಕ ಸೀಳುತ್ತಿದ್ದ. ಅರವತ್ತು ದಾಟಿದರೂ ಆ ಕೈಗೆ ಹದ ಬರಲಿಲ್ಲ.

“ಭಾಡ್ಯಾ, ಕಿವಿ ಕೊಯ್ಯಾಕತ್ತೀಯೋ ಕುತ್ತಿಗಿ ಕೊಯ್ಯಾಕತ್ತೀಯೋ?” ಎಂದು ಕೂಗಿದೆ.

“ಆಯಿ, ಸಿಟ್ಟು!” ಎಂದು ಒಲೆಯ ಮುಂದಿನಿಂದ ಮೊಮ್ಮಗಳು ಓಡಿ ಬಂದಳು. “ಮಕ್ಕೋ, ಮಕ್ಕೋ, ಏಳಬ್ಯಾಡ!”

ಅವಳ ಕೈ ತೆಗೆದು ಎದ್ದೆ. ಗೋಡೆಯ ಮೇಲೆ ಸೂರ್ಯ ನಗುತ್ತಲೇ ಇದ್ದ. ಅಂಗಳಕ್ಕೆ ಹದಿನಾಲ್ಕು ಹೆಜ್ಜೆ ಆಯಿತು. ನಡುವೆ ಒಮ್ಮೆ ನಿಂತೆ, ಉಸಿರು ತೆಗೆದುಕೊಂಡೆ. ಮಗ ಕಂಬಳಿಯ ಮೇಲೆ ಸರಿದು ಜಾಗ ಬಿಟ್ಟು, ಒಂದು ಮರಿ ಕೊಟ್ಟ. ನಾನು ಅದನ್ನು ನನ್ನ ಮುಖಕ್ಕೆ ಮುಖ ಮಾಡಿ ಹಿಡಿದೆ. ಎಷ್ಟು ವರ್ಷ ಆದರೂ ನನಗೆ ಹಾಗೇ ಹಿಡಿಯಲು ಬರುವುದು.